ಕ್ಲಚ್ ಭಾರ ಅಂತ ಗೇರ್‌ಬಾಕ್ಸ್ ಇಳಿಸೋ ಮುಂಚೆ

ಮಳೆಗಾಲ ಮುಗಿದ ಕೂಡಲೇ ಕೊಡಗಿನ ಕಡೆಯಿಂದ ಕ್ಲಚ್ ಬಗ್ಗೆ ಪತ್ರ ಬರೋದು ಮಾಮೂಲು. ಈ ಸಲವೂ ಬಂದಿವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸಾರ್, ನಮ್ಮ ಮನೆಯಲ್ಲಿ 2004ರ ಮಾರುತಿ 800 ಇದೆ. ಅಪ್ಪ ತಗೊಂಡಿದ್ದು, ಮಾರೋಕೆ ಮನಸ್ಸಿಲ್ಲ. ಕ್ಲಚ್ ಸ್ವಲ್ಪ ಸ್ವಲ್ಪವೇ ಭಾರ ಆಗ್ತಾ ಬಂದು ಈ ಮಳೆಗಾಲ ಕಳೆದ ಮೇಲಂತೂ ಒತ್ತೋಕೇ ಆಗ್ತಿಲ್ಲ. ಮಡಿಕೇರಿಗೆ ಹೋಗಿ ಬಂದರೆ ಎಡಗಾಲು ಮಂಡಿ ಹಿಡ್ಕೊಳ್ಳುತ್ತೆ. ಒಬ್ಬರು ನಟ್ ತಿರುಗಿಸಿ ಅಡ್ಜಸ್ಟ್ ಮಾಡಿ ಕೊಟ್ಟರು, ಏನೂ ಪ್ರಯೋಜನ ಆಗಲಿಲ್ಲ. ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಸೆಟ್ ಹಾಕಬೇಕು ಅಂತಾರೆ. ಯಾರ ಮಾತು ಕೇಳಲಿ? — ಓದುಗರು, ಸೋಮವಾರಪೇಟೆ

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಟ್ ತಿರುಗಿಸಿದರೆ ಪೆಡಲ್ ಹಗುರ ಆಗೋದಿಲ್ಲ. ಆ ನಟ್ ಇರೋದು ಕ್ಲಚ್ ಎಷ್ಟು ಮೇಲೆ ಹಿಡಿಯಬೇಕು, ಎಷ್ಟು ಕೆಳಗೆ ಬಿಡಬೇಕು ಅನ್ನೋದಕ್ಕೆ ಮಾತ್ರ. ಅದನ್ನು ಜಾಸ್ತಿ ಬಿಗಿ ಮಾಡಿದರೆ ಪೆಡಲ್‌ನಲ್ಲಿ ಇರಬೇಕಾದ ಸಡಿಲ (ಫ್ರೀ ಪ್ಲೇ) ಹೋಗುತ್ತೆ. ಆಮೇಲೆ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ತಿರುಗುತ್ತೆ, ಏರಿನಲ್ಲಿ ಕ್ಲಚ್ ಜಾರುತ್ತೆ. ಹಾಗಾಗಿ ಮೊದಲು ಒಂದು ಕೆಲಸ ಮಾಡಿ: ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ, ಗಟ್ಟಿ ಸಿಗೋ ಮುಂಚೆ ಒಂದೂವರೆ-ಎರಡು ಸೆಂಟಿಮೀಟರ್ ಸುಮ್ನೆ ಹೋಗುತ್ತಾ ನೋಡಿ. ಹೋಗದಿದ್ದರೆ ಅವರು ಬಿಗಿ ಮಾಡಿದ್ದನ್ನು ಸಡಿಲ ಮಾಡಿಸಿ.

ಈಗ ವಿಷಯಕ್ಕೆ ಬರೋಣ. ನಿಮ್ಮ ಗಾಡಿಯಲ್ಲಿ ಕಾಲಿನಿಂದ ಕ್ಲಚ್‌ವರೆಗೆ ಮೂರೇ ಭಾಗ ಇರೋದು. ಪೆಡಲ್, ಕೇಬಲ್, ಆಮೇಲೆ ಗೇರ್‌ಬಾಕ್ಸ್ ಮೇಲಿನ ಲಿವರ್ ಮತ್ತು ಅದರ ಒಳಗಿನ ಸಾಮಾನು. ಭಾರ ಈ ಮೂರರಲ್ಲಿ ಎಲ್ಲಿದೆ ಅಂತ ಕಂಡುಹಿಡಿಯೋಕೆ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ, ಒಂದು ಸ್ಪ್ಯಾನರ್ ಸಾಕು. ಹಾಗಿದ್ದೂ ಎಷ್ಟೋ ಗ್ಯಾರೇಜಿನಲ್ಲಿ ಇದನ್ನು ಮಾಡೋದೇ ಇಲ್ಲ, ಯಾಕೆ ಅಂತ ನನಗೆ ಗೊತ್ತಾಗೋದಿಲ್ಲ. ಕೇಬಲ್ ಅಂದರೆ ನೂರುಗಳ ಲೆಕ್ಕ, ಕ್ಲಚ್ ಸೆಟ್ ಅಂದರೆ ಸಾವಿರಗಳ ಲೆಕ್ಕ. ನೋಡದೇ ಬಿಲ್ ಹಾಕಿಸಿಕೊಳ್ಳೋದು ಯಾಕೆ?

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ತಣ್ಣಗಿರಲಿ. ಬಾನೆಟ್ ತೆರೆದು ಕೇಬಲ್ ಗೇರ್‌ಬಾಕ್ಸ್ ಲಿವರ್‌ಗೆ ಸೇರುವ ಕಡೆ ಅಡ್ಜಸ್ಟಿಂಗ್ ನಟ್ ಎಲ್ಲಿತ್ತು ಅಂತ ಬಣ್ಣದ ಗುರುತು ಹಾಕಿ. ಗುರುತು ಹಾಕದೆ ಬಿಚ್ಚಿದರೆ ಮತ್ತೆ ಕೂರಿಸುವಾಗ ಅರ್ಧ ದಿನ ಹೋಗುತ್ತೆ. ನಟ್ ಸಡಿಲ ಮಾಡಿ, ಕೇಬಲ್ ತುದಿಯನ್ನು ಲಿವರ್‌ನಿಂದ ಬಿಡಿಸಿ. ಈಗ ಒಳಗೆ ಕೂತು ಪೆಡಲ್ ಕೈಯಲ್ಲೇ ಒತ್ತಿ ನೋಡಿ.

ಕೈಗೇ ಹಗುರವಾಗಿ ಹೋದರೆ ಪೆಡಲ್, ಕೇಬಲ್ ಎರಡೂ ಬಹುಮಟ್ಟಿಗೆ ಸರಿ ಇವೆ, ತೊಂದರೆ ಗೇರ್‌ಬಾಕ್ಸ್ ಕಡೆ. ಇನ್ನೂ ಬಿಗಿಯಾಗೇ ಇದ್ದರೆ, ಪಾಪ, ನಿಮ್ಮ ಕ್ಲಚ್‌ನದ್ದು ತಪ್ಪೇ ಇಲ್ಲ. ಆಗ ಪೆಡಲ್ ಕಡೆಯ ಕೊಂಡಿಯನ್ನೂ ಕಳಚಿ. ಪೆಡಲ್ ಒಂದೇ ಇದ್ದಾಗ ತೂಗಾಡಬೇಕು. ತೂಗಾಡದಿದ್ದರೆ ಅದರ ಪಿನ್ ಮತ್ತು ಬುಷ್ ಒಣಗಿ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿದರೆ ಮುಗಿಯಿತು. ಒದ್ದೆ ಗಂಬೂಟು, ಕೆಸರು ಚಪ್ಪಲಿ ಎಲ್ಲ ಅಲ್ಲೇ ಇಡುವ ಊರಿನಲ್ಲಿ ಪೆಡಲ್ ಬುಷ್ ಹಾಳಾಗೋದರಲ್ಲಿ ಆಶ್ಚರ್ಯ ಇಲ್ಲ. ಹಾಗೇ ಕೆಳಗಿನ ಮ್ಯಾಟ್ ಕೂಡ ನೋಡಿ. ಒಂದರ ಮೇಲೊಂದು ದಪ್ಪ ರಬ್ಬರ್ ಮ್ಯಾಟ್ ಹಾಕಿ ಪೆಡಲ್ ಪೂರ್ತಿ ಹೋಗದಂತೆ ಮಾಡಿಕೊಂಡಿರ್ತಾರೆ.

ಇನ್ನು ಕೇಬಲ್. ನನ್ನ ಅನುಮಾನ ಇದರ ಮೇಲೇ. ನೀವು ಮಳೆಗಾಲ ಕಳೆದ ಮೇಲೆ ಜೋರಾಯಿತು ಅಂದಿದ್ದೀರಿ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಗಾಳಿಯಲ್ಲೇ ನೀರಿರುತ್ತೆ. ಕೇಬಲ್‌ನ ರಬ್ಬರ್ ಬೂಟ್ ಹರಿದಿದ್ದರೆ ನೀರು ಹೊರಗಿನ ಕವಚದ ಒಳಗೆ ಇಳಿದು, ಅತಿ ಕೆಳಗಿನ ಬಾಗಿನಲ್ಲಿ ಹೋಗಿ ನಿಲ್ಲುತ್ತೆ. ಗಾಡಿ ಓಡದೆ ಶೆಡ್‌ನಲ್ಲೇ ನಿಂತಿದ್ದರೆ ಇನ್ನೂ ಕೆಟ್ಟದು. ಕೇಬಲ್ ತೆಗೆದು ಕೈಯಲ್ಲಿ ಹಿಡಿದು, ಗಾಡಿಯಲ್ಲಿ ಹೇಗೆ ಬಾಗಿತ್ತೋ ಹಾಗೇ ಬಾಗಿಸಿ, ಒಳಗಿನ ತಂತಿಯನ್ನು ಎಳೆದು ಬಿಟ್ಟು ನೋಡಿ. ನೇರವಾಗಿ ಹಿಡಿದರೆ ಕೆಟ್ಟ ಕೇಬಲ್ ಕೂಡ ಹಗುರವಾಗಿ ಓಡುತ್ತೆ, ಬಾಗಿಸಿದಾಗಲೇ ಅದರ ಬಣ್ಣ ಬಯಲಾಗೋದು. ಎಳೆದ ತಂತಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಕಂದು ಪುಡಿ ಅಂಟಿದರೆ ಒಳಗೆ ತುಕ್ಕು. ಕರಿ ಪ್ಲಾಸ್ಟಿಕ್ ಚೂರು ಬಂದರೆ ಒಳಗಿನ ನೈಲಾನ್ ಪದರ ತಿಂದುಹೋಗಿದೆ ಅಂತ. ಎರಡು ತುದಿಯ ಹತ್ತಿರ ಬೆರಳಿಟ್ಟು ಸವರಿ, ಜೋಪಾನ, ತುಂಡಾದ ಎಳೆಗಳು ಸೂಜಿ ಥರ ಚುಚ್ಚುತ್ತವೆ. ಒಂದೇ ಒಂದು ಎಳೆ ಹರಿದಿದ್ದರೂ ಆ ಕೇಬಲ್ ಮತ್ತೆ ಹಾಕಬೇಡಿ. ಅದು ಹರಿಯೋದು ಮನೆ ಮುಂದೆ ಅಲ್ಲ, ಘಾಟಿಯ ತಿರುವಿನಲ್ಲೇ.

ಎಣ್ಣೆ ಬಿಟ್ಟರೆ ಸಾಕಾಗಲ್ವಾ ಅಂತ ಕೇಳ್ತೀರಿ. ಒಳಗೆ ಪ್ಲಾಸ್ಟಿಕ್ ಪದರ ಇರುವ ಕೇಬಲ್‌ಗೆ ಎಣ್ಣೆ ಬೇಕಾಗಿಲ್ಲ. ಹಾಕಿದರೆ ಧೂಳು ಹಿಡಿದು ಅಂಟಾಗುತ್ತೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದರೆ ನಾಲ್ಕು ದಿನ ಹಗುರ ಅನಿಸುತ್ತೆ, ಐದನೇ ದಿನ ಮತ್ತೆ ಅದೇ ಕಥೆ. ಹೊಸ ಕೇಬಲ್ ಹಾಕಿಸಿ. ಆದರೆ ಹಾಕುವಾಗ ಪಕ್ಕದಲ್ಲೇ ನಿಂತಿರಿ. ಹಳೆಯದು ಯಾವ ಕ್ಲಿಪ್ ಒಳಗೆ ಹೋಗಿತ್ತೋ ಹೊಸದೂ ಅಲ್ಲೇ ಹೋಗಬೇಕು, ಬಾಗು ದೊಡ್ಡದಾಗಿ, ಸಲೀಸಾಗಿ ಇರಬೇಕು, ಎಕ್ಸಾಸ್ಟ್ ಪೈಪಿಗೆ ತಾಗಬಾರದು. ಕ್ಲಿಪ್ ಮುರಿದಿದೆ ಅಂತ ವೈರ್ ಹಾಕಿ ಬಿಗಿದು ಕಟ್ಟಿದರೆ ಆ ಬಾಗಿನಲ್ಲೇ ಮತ್ತೆ ಭಾರ ಶುರು. ಇಂಜಿನ್ ಮೌಂಟಿಂಗ್ ಕುಸಿದಿದ್ದರೂ ಕೇಬಲ್ ಕೋನ ಬದಲಾಗಿ ಇದೇ ತೊಂದರೆ ಆಗಬಹುದು.

ಕೇಬಲ್ ಚೆನ್ನಾಗೇ ಇದೆ ಅಂದುಕೊಳ್ಳಿ. ಆಗ ಲಿವರ್ ಕೈಯಲ್ಲಿ ಅಲ್ಲಾಡಿಸಿ. ತುದಿಯಲ್ಲಿ ಎರಡು-ಮೂರು ಮಿಲಿಮೀಟರ್ ಸಡಿಲ ಇದ್ದು, ಆಮೇಲೆ ಸ್ಪ್ರಿಂಗ್ ಗಟ್ಟಿಯಾಗಿ ಸಿಗಬೇಕು. ಆ ಸಡಿಲವೇ ಇಲ್ಲದೆ ಕಿರಕಿರ ಅಂತ ತಿರುಗಿದರೆ, ಅಥವಾ ಬಿಟ್ಟಾಗ ವಾಪಸ್ ಬರದಿದ್ದರೆ, ಲಿವರ್‌ನ ಶಾಫ್ಟ್ ತನ್ನ ಬುಷ್‌ನಲ್ಲಿ ಹಿಡಿದುಕೊಂಡಿದೆ. ಶಾಫ್ಟ್ ಒಳಗೆ ಹೋಗುವ ಜಾಗಕ್ಕೆ ತುಕ್ಕು ಬಿಡಿಸೋ ಎಣ್ಣೆ ಎರಡು ಹನಿ ಬಿಟ್ಟು ಒಂದು ರಾತ್ರಿ ಬಿಡಿ. ಎರಡೇ ಹನಿ. ಸುರಿದರೆ ಒಳಗೆ ಇಳಿದು ಕ್ಲಚ್ ಪ್ಲೇಟ್‌ಗೆ ತಾಗುತ್ತೆ, ಆಮೇಲೆ ಕ್ಲಚ್ ಜಾರೋದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇದೂ ಸರಿ ಇದ್ದರೆ ಉಳಿದದ್ದು ಕ್ಲಚ್ ಒಂದೇ. ಕ್ಲಚ್ ಪ್ಲೇಟ್ ಸವೆದಷ್ಟೂ ಅದನ್ನು ಒತ್ತಿ ಹಿಡಿಯೋ ಪ್ರೆಷರ್ ಪ್ಲೇಟ್ ಇಂಜಿನ್ ಕಡೆ ಸರಿಯುತ್ತೆ, ಅದರ ಡಯಾಫ್ರಂ ಸ್ಪ್ರಿಂಗ್‌ನ ಬೆರಳುಗಳು ಬೇರಿಂಗ್ ಕಡೆಗೆ ಎದ್ದುಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಅದನ್ನು ಒತ್ತೋಕೆ ಜಾಸ್ತಿ ಬಲ ಬೇಕು. ಹಾಗಾಗಿ ವರ್ಷಗಟ್ಟಲೆ ನಿಧಾನಕ್ಕೆ ಭಾರ ಆಗಿ, ಜೊತೆಗೆ ಏರಿನಲ್ಲಿ ಇಂಜಿನ್ ಕೂಗಿದಷ್ಟು ಗಾಡಿ ಹೋಗದೇ ಇದ್ದರೆ ಆ ಎರಡನೇ ಮೆಕ್ಯಾನಿಕ್ ಹೇಳಿದ್ದು ನಿಜ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಜಿಪುಣತನ ಮಾಡಬೇಡಿ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸದು, ಬೇರಿಂಗನ್ನು ತಳ್ಳುವ ಫೋರ್ಕಿನ ಶಾಫ್ಟ್‌ಗೆ ಹೊಸ ಬುಷ್, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಒದ್ದೆ ಇದ್ದರೆ ಅದೂ. ಈ ಕೆಲಸದಲ್ಲಿ ಕೂಲಿಯೇ ಭಾರ, ಎರಡು ಸಲ ಕೊಡೋದು ಯಾರಿಗೆ ಬೇಕು? ರಿಕಂಡೀಷನ್ ಪ್ರೆಷರ್ ಪ್ಲೇಟ್ ಕಡಿಮೆಗೆ ಸಿಗುತ್ತೆ ಅಂದರೆ ನಾನಂತೂ ಬೇಡ ಅಂತೀನಿ.

ಕೊನೆಗೊಂದು. ಎಷ್ಟು ಭಾರ ಇರಬೇಕು ಅನ್ನೋದೇ ನಮಗೆ ಮರೆತುಹೋಗಿರುತ್ತೆ. ಊರಲ್ಲಿ ಇನ್ನೊಬ್ಬರ 800 ಇದ್ದರೆ ಅದರಲ್ಲಿ ಕೂತು ಒಮ್ಮೆ ಒತ್ತಿ ನೋಡಿ.

ಪ್ರಶ್ನೆ: ನಮ್ಮದು ಹೋಂಸ್ಟೇ. 2003ರ ಕ್ವಾಲಿಸ್ ಇಟ್ಟುಕೊಂಡಿದ್ದೇವೆ. ಬೆಳಗ್ಗೆ ಹೊರಡುವಾಗ ಕ್ಲಚ್ ಗಟ್ಟಿ, ಬಿಟ್ಟರೆ ನಿಧಾನಕ್ಕೆ ಮೇಲೆ ಬರುತ್ತೆ. ಇದರಲ್ಲಿ ಕೇಬಲ್ಲೇ ಇಲ್ಲ ಅಂತಾರೆ. ಹಾಗಾದರೆ ಏನು ನೋಡಬೇಕು? — ಓದುಗರು, ನಾಪೋಕ್ಲು

ಉತ್ತರ: ಹೌದು, ನಿಮ್ಮದು ಹೈಡ್ರಾಲಿಕ್. ಪೆಡಲ್ ಮಾಸ್ಟರ್ ಸಿಲಿಂಡರನ್ನು ಒತ್ತುತ್ತೆ, ಅದರೊಳಗಿನ ಬ್ರೇಕ್ ಆಯಿಲ್ ಪೈಪ್‌ನಲ್ಲಿ ಹೋಗಿ ಗೇರ್‌ಬಾಕ್ಸ್ ಹತ್ತಿರದ ಸ್ಲೇವ್ ಸಿಲಿಂಡರನ್ನು ತಳ್ಳುತ್ತೆ, ಅದು ಫೋರ್ಕನ್ನು ತಳ್ಳುತ್ತೆ. ನಿಧಾನಕ್ಕೆ ವಾಪಸ್ ಬರುತ್ತೆ ಅಂದಿದ್ದು ಒಳ್ಳೆ ಸುಳಿವು. ಆಯಿಲ್ ವಾಪಸ್ ಬರೋಕೆ ದಾರಿ ಸಿಗ್ತಿಲ್ಲ, ಇಲ್ಲವೇ ಸ್ಲೇವ್‌ನ ಪಿಸ್ಟನ್ ತುಕ್ಕಿನಿಂದ ಹಿಡಿದಿದೆ.

ಸ್ಲೇವ್ ಸಿಲಿಂಡರ್‌ನಲ್ಲಿ ಗಾಳಿ ತೆಗೆಯೋಕೆ ಇರುವ ಬ್ಲೀಡಿಂಗ್ ನಿಪ್ಪಲ್‌ಗೆ ಸಣ್ಣ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಬಾಟಲಿಗೆ ಬಿಟ್ಟು, ನಿಪ್ಪಲ್ ಸಡಿಲ ಮಾಡಿಸಿ ಪೆಡಲ್ ಒತ್ತಿ. ಹಗುರ ಆಯಿತಾ? ಹಾಗಾದರೆ ಭಾರ ಅದರಿಂದ ಮುಂದಕ್ಕೆ, ಅಂದರೆ ಪಿಸ್ಟನ್, ಫೋರ್ಕ್, ಪ್ರೆಷರ್ ಪ್ಲೇಟ್ ಕಡೆ. ಆಗಲೂ ಗಟ್ಟಿಯೇ ಇದ್ದರೆ ಅದರಿಂದ ಹಿಂದಕ್ಕೆ, ಅಂದರೆ ರಬ್ಬರ್ ಹೋಸ್, ಮಾಸ್ಟರ್ ಸಿಲಿಂಡರ್ ಅಥವಾ ಪೆಡಲ್. ಹಳೇ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತೆ. ಇದನ್ನು ತುಂಬಾ ಜನ ನೋಡೋದೇ ಇಲ್ಲ. ಪರೀಕ್ಷೆ ಆದ ಮೇಲೆ ಗಾಳಿ ತೆಗೆಸೋದು ಮರೆಯಬೇಡಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಗಾಡಿಯಲ್ಲಿರೋ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಕಾಫಿ ಡಿಕಾಕ್ಷನ್ ಥರ ಕಂಡರೆ ಬದಲಾಯಿಸಿ ಅಂತಲೇ ಅರ್ಥ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಿಲಿಂಡರ್ ಉಳಿಯುತ್ತೆ. ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಅಂತ ಏನು ಬರೆದಿದೆಯೋ ಅದನ್ನೇ ಹಾಕಿ. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಬೀಳಬಾರದು, ಸೀಲ್‌ಗಳೆಲ್ಲ ಊದಿ ಹಾಳಾಗುತ್ತವೆ. ಬ್ರೇಕ್ ಆಯಿಲ್ ಬಣ್ಣವನ್ನೂ ತಿನ್ನುತ್ತೆ, ಬಾಡಿ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಪ್ರಶ್ನೆ: ಹಳೇ ಓಮ್ನಿಗೆ ಹೊಸ ಕ್ಲಚ್ ಸೆಟ್, ಹೊಸ ಕೇಬಲ್ ಎರಡೂ ಹಾಕಿಸಿದೆ. ಮೊದಲು ಬೆಣ್ಣೆ ಥರ ಇತ್ತು. ಸ್ವಲ್ಪ ತಿಂಗಳಲ್ಲೇ ಮತ್ತೆ ಗಟ್ಟಿ. ಕೇಬಲ್ ಬಿಚ್ಚಿದರೆ ಕವಚ ಕರಗಿದ ಹಾಗಿದೆ. ಡೂಪ್ಲಿಕೇಟ್ ಮಾಲು ಕೊಟ್ಟರಾ? — ಓದುಗರು, ಸುಂಟಿಕೊಪ್ಪ

ಉತ್ತರ: ಅಂಗಡಿಯವರ ಜೊತೆ ಜಗಳಕ್ಕೆ ಹೋಗೋ ಮುಂಚೆ ಅರ್ತ್ ವೈರ್ ನೋಡಿ. ಇಂಜಿನ್ ಅಥವಾ ಗೇರ್‌ಬಾಕ್ಸ್‌ನಿಂದ ಬಾಡಿಗೆ ದಪ್ಪ ಅರ್ತ್ ಪಟ್ಟಿ ಹೋಗಿರುತ್ತೆ. ಗೇರ್‌ಬಾಕ್ಸ್ ಇಳಿಸಿದವರು ಅದನ್ನು ವಾಪಸ್ ಹಾಕೋದು ಮರೆತಿರಬಹುದು, ಅಥವಾ ತುಕ್ಕಿನ ಮೇಲೇ ಬೋಲ್ಟ್ ಬಿಗಿದಿರಬಹುದು. ಆಗ ಸೆಲ್ಫ್ ಹೊಡೆದಾಗ ಅಷ್ಟೂ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋಕೆ ಬೇರೆ ದಾರಿ ಹುಡುಕುತ್ತೆ. ಇಂಜಿನ್ನಿಗೂ ಬಾಡಿಗೂ ತಾಗಿರೋ ಕ್ಲಚ್ ಕೇಬಲ್, ಎಕ್ಸಲರೇಟರ್ ಕೇಬಲ್ ಅದಕ್ಕೆ ಸಿಗುತ್ತವೆ. ತಂತಿ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗುತ್ತೆ. ಇನ್ನೂ ಹತ್ತು ಕೇಬಲ್ ಹಾಕಿ, ಹತ್ತೂ ಹೋಗುತ್ತವೆ.

ಮಲ್ಟಿಮೀಟರ್ ಇದ್ದರೆ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿ ಇಲ್ಲ. ಎರಡೂ ತುದಿ ಬಿಚ್ಚಿ, ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಪಟ್ಟಿ ಹಸಿರು ತಿರುಗಿದ್ದರೆ ಹೊಸದೇ ಹಾಕಿ. ಆಮೇಲೆ ಹೊಸ ಕೇಬಲ್.

ಪ್ರಶ್ನೆ: ತಲಕಾವೇರಿ ತೀರ್ಥೋದ್ಭವದ ದಿನ ಏರಿನಲ್ಲಿ ವಾಹನಗಳ ಸಾಲು. ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಂಡಿದ್ದೆ. ಸುಟ್ಟ ವಾಸನೆ ಬಂತು. ಕ್ಲಚ್ ಹೋಯಿತಾ? — ಓದುಗರು, ಗೋಣಿಕೊಪ್ಪ

ಉತ್ತರ: ಒಂದು ದಿನದ ವಾಸನೆಗೆ ಹೋಗಿರೋದಿಲ್ಲ, ಆದರೆ ಆಯುಸ್ಸು ಕಡಿಮೆ ಆಗಿರುತ್ತೆ. ಖಾಲಿ ರಸ್ತೆಯಲ್ಲಿ, ಸಣ್ಣ ಏರಿನಲ್ಲಿ, ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಎಕ್ಸಲರೇಟರ್ ಒಮ್ಮೆಲೇ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಜಾರುತ್ತಿದೆ, ತೋರಿಸಿ. ಎರಡೂ ಒಟ್ಟಿಗೆ ಏರಿದರೆ ಓಡಿಸಿಕೊಂಡಿರಿ. ಮುಂದಿನ ಸಲ ಸಾಲು ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಹಾಕಿ, ಕಾಲು ತೆಗೆದುಬಿಡಿ. ಹ್ಯಾಂಡ್‌ಬ್ರೇಕ್ ಹಿಡಿಯಲ್ಲ ಅಂತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ.