ಒಬ್ಬ ಕೋಲ್ಮನ್ ಸಾಕು ಅಂದರೆ ಹೇಗೆ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಐರಿಶ್ ಪಿಟೀಲಿನ ಬಗ್ಗೆ ನೀವು ಹಾಕಿದ ಲೇಖನ ಓದಿ ಮೈಕಲ್ ಕೋಲ್ಮನ್ ಅವರ ಹಳೆಯ ರೆಕಾರ್ಡುಗಳನ್ನು ಕೇಳಿದೆ. ಬೆರಗಾದೆ. ಆದರೆ ಆ ರೆಕಾರ್ಡುಗಳಿಂದ ಊರೂರಿನ ಶೈಲಿಗಳು ಮಂಕಾದವು ಅಂತ ಲೇಖಕರು ಕೊರಗುವುದು ಯಾಕೆ? ಚೆನ್ನಾಗಿರುವುದು ಉಳಿಯುತ್ತದೆ, ಮಿಕ್ಕಿದ್ದು ಹೋಗುತ್ತದೆ. ತಪ್ಪೇನು?"

ಲೇಖನ ಓದಿ ಸುಮ್ಮನಾಗದೆ, ಹುಡುಕಿಕೊಂಡು ಹೋಗಿ ಸಂಗೀತ ಕೇಳಿದಿರಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಕೋಲ್ಮನ್ ದೊಡ್ಡವರು, ಒಪ್ಪಿದೆ. ಐರ್ಲೆಂಡಿನ ಸ್ಲೈಗೋ ಜಿಲ್ಲೆಯ ಹಳ್ಳಿಯಿಂದ 1914ರಲ್ಲಿ ಅಮೆರಿಕಕ್ಕೆ ಹೋದರು, 1921ರಿಂದ ನ್ಯೂಯಾರ್ಕಿನಲ್ಲಿ ರೆಕಾರ್ಡು ಕೊಟ್ಟರು. ಕಮಾನು ಎಲ್ಲಿ ತಿರುಗಿತು ಅಂತಲೇ ತಿಳಿಯದ ಹಾಗೆ ನುಡಿಸುತ್ತಾರೆ.

ಆದರೆ ಚೆನ್ನಾಗಿರುವುದೇ ಉಳಿಯುತ್ತದೆ ಅಂತೀರಲ್ಲ, ಅದನ್ನು ಒಪ್ಪಲಾರೆ. ಉಳಿದದ್ದನ್ನು ನೋಡಿ, ಚೆನ್ನಾಗಿದ್ದದ್ದು ಇದೇ ಅಂತ ನಾವು ಆಮೇಲೆ ಹೇಳ್ತಿದ್ದೀವಿ, ಅಲ್ವಾ? ಹಡಗು ಹತ್ತಿ ನ್ಯೂಯಾರ್ಕಿಗೆ ಹೋಗದವರ ಮಾತೇನು?

ಜಾನ್ ಡೊಹರ್ಟಿಯವರನ್ನೇ ತೆಗೆದುಕೊಳ್ಳಿ. ಐರ್ಲೆಂಡಿನದೇ ಡಾನಿಗಾಲ್ ಜಿಲ್ಲೆಯ ಪಿಟೀಲಿನವರು. ತಗಡಿನ ಪಾತ್ರೆ ಮಾಡಿ ಮಾರುವ ಮನೆತನ. ಊರೂರು ಸುತ್ತುವಾಗ ಎಷ್ಟೋ ಸಲ ಕೈಯಲ್ಲಿ ಪಿಟೀಲೇ ಇರುತ್ತಿರಲಿಲ್ಲ, ಹೋದ ಮನೆಯಲ್ಲಿ ಇದ್ದದ್ದನ್ನು ಕೇಳಿ ಪಡೆದು ನುಡಿಸುತ್ತಿದ್ದರು. ಸ್ಲೈಗೋದವರು ಒಂದೇ ಎಳೆತದಲ್ಲಿ ಹಲವು ಸ್ವರ ಕಟ್ಟಿದರೆ, ಇವರದು ಬಹುಪಾಲು ಸ್ವರಕ್ಕೊಂದು ಕಮಾನು, ಬಿಡಿಬಿಡಿಯಾಗಿ, ಚುರುಕಾಗಿ. ಆ ಕಡೆಯ ಜನ ಕೂಲಿಗೆ ಸ್ಕಾಟ್ಲೆಂಡಿಗೆ ಹೋಗಿ ಬರುತ್ತಿದ್ದರು, ಅಲ್ಲಿನ ಮಟ್ಟುಗಳೂ ಜೊತೆಗೆ ಬಂದವು. ಇದು ಕೋಲ್ಮನ್‌ಗಿಂತ ಕಡಿಮೆ ಅಂತ ಯಾರು ತೀರ್ಮಾನ ಮಾಡುವವರು?

ಅಲ್ಲಿನ ಕೆರಿ ಮತ್ತು ಕಾರ್ಕ್ ಜಿಲ್ಲೆಗಳ ಗಡಿಯ ಸ್ಲೀವ್ ಲೂಕ್ರದಲ್ಲಿ ಪಾಡ್ರಿಗ್ ಓಕೀಫ್ ಅಂತ ಒಬ್ಬ ಮೇಷ್ಟ್ರಿದ್ದರು. 1920ರಲ್ಲಿ ಶಾಲೆಯ ಕೆಲಸ ಹೋಯಿತು. ಆಮೇಲೆ ಮನೆಮನೆಗೆ ನಡೆದುಕೊಂಡು ಹೋಗಿ ಪಿಟೀಲು ಹೇಳಿಕೊಟ್ಟರು. ಸ್ವರಲಿಪಿ ಓದಲು ಬಾರದ ಮಕ್ಕಳಿಗೆ ತಮ್ಮದೇ ಒಂದು ಲಿಪಿ ಮಾಡಿಕೊಂಡಿದ್ದರು: ಐದು ಗೆರೆ, ನಡುವಿನ ನಾಲ್ಕು ಜಾಗ ಅಂದರೆ ನಾಲ್ಕು ತಂತಿ, ಅದರೊಳಗೆ ಯಾವ ಬೆರಳು ಅಂತ ಒಂದು ಅಂಕಿ, ಬೆರಳೇ ಬೇಡ ಅಂದರೆ ಸೊನ್ನೆ. ಡೆನಿಸ್ ಮರ್ಫಿ, ಅವರ ತಂಗಿ ಜೂಲಿಯಾ ಕ್ಲಿಫರ್ಡ್ ಇಬ್ಬರೂ ಇವರ ಕೈಯಲ್ಲೇ ಕಲಿತವರು. 1963ರಲ್ಲಿ ಮೇಷ್ಟ್ರು ತೀರಿಕೊಂಡರು.

ಇಂಥವರ ಸಂಗೀತ ಸೊರಗಿದ್ದು ಅದರಲ್ಲಿ ಸತ್ವ ಇಲ್ಲದೆ ಅಲ್ಲ. ಕುಣಿಯುವ ಜಾಗ ಹೋಯಿತು. 1935ರಲ್ಲಿ ಐರ್ಲೆಂಡಿನಲ್ಲಿ ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕು ಅಂತ ಕಾನೂನು ಬಂತು. ಎಷ್ಟೋ ಕಡೆ ಪಾದ್ರಿಗಳೂ ಪೊಲೀಸರೂ ಅದನ್ನೇ ಹಿಡಿದುಕೊಂಡು ಮನೆಗಳಲ್ಲಿ ನಡೆಯುತ್ತಿದ್ದ ಕುಣಿತವನ್ನೂ ನಿಲ್ಲಿಸಿದರು. ಅಡುಗೆಮನೆಯಲ್ಲಿ ಕುಣಿಯುವವರೇ ಇಲ್ಲದ ಮೇಲೆ ಪಿಟೀಲಿನವರು ಯಾರಿಗೆ ನುಡಿಸಬೇಕು?

ಜಾಗ ಕೊಟ್ಟು ಕರೆದರೆ ಪಿಟೀಲಿನವರು ಬರ್ತಾರೆ ಅನ್ನೋದಕ್ಕೆ ಸಾಕ್ಷಿಯೂ ಇದೆ. ಕೆನಡಾದ ಕೇಪ್ ಬ್ರೆಟನ್‌ಗೆ ಸ್ಕಾಟ್ಲೆಂಡಿನಿಂದ ವಲಸೆ ಹೋದವರ ಪಿಟೀಲು ಇನ್ನೇನು ಮುಗಿಯಿತು ಅಂತ 1971ರಲ್ಲಿ ಸಿಬಿಸಿ ಟೀವಿ ಸಾಕ್ಷ್ಯಚಿತ್ರವನ್ನೇ ಮಾಡಿತು. ಊರವರಿಗೆ ಸಿಟ್ಟು ಬಂತು. 1973ರಲ್ಲಿ ಗ್ಲೆಂಡೇಲ್‌ನಲ್ಲಿ ಹಬ್ಬ ಮಾಡಿದರೆ ಪಿಟೀಲು ಹಿಡಿದು ಬಂದವರು 100ಕ್ಕೂ ಜಾಸ್ತಿ! ಇಂದಿಗೂ ಅಲ್ಲಿ ಪಿಟೀಲು ನಿಂತಿಲ್ಲ.

ನಿಮ್ಮ ಮೇಲೆ ಸ್ವಲ್ಪ ಬೇಜಾರು ಯಾಕೆ ಅಂದರೆ, ನೀವು ಮಲೆನಾಡಿನವರು. ಬಡಗುತಿಟ್ಟಿನ ಭಾಗವತರ ಎದುರು ನಿಂತು, ತೆಂಕು ಚೆನ್ನಾಗಿದೆ, ನಿಮ್ಮದು ಬಿಟ್ಟುಬಿಡಿ ಅಂತ ಹೇಳ್ತೀರಾ? ಈಗ ಎಲ್ಲ ಕಡೆ ಇದೇ ರೋಗ. ಟೀವಿ ಸ್ಪರ್ಧೆಗೆ ಬರುವ ಮಗು ಯಾವ ಊರಿನದೇ ಆಗಲಿ, ಜನಪದ ಗೀತೆಯನ್ನು ಅದೇ ಕೀಬೋರ್ಡಿನ ಜೊತೆ, ಅದೇ ಕಡೆ ದನಿ ಏರಿಸಿ, ಅದೇ ಕಡೆ ನಡುಗಿಸಿ ಹಾಡಬೇಕು. ಅಜ್ಜಿ ಹೇಳಿಕೊಟ್ಟ ಹಾಗೆ ಹಾಡಿದರೆ ತೀರ್ಪುಗಾರರು "ತಿದ್ದಿಕೋ" ಅಂತಾರೆ, ಅಂಕ ಕಳೀತಾರೆ. ಆ ಮಗು ಮನೆಗೆ ಹೋಗಿ ಅಜ್ಜಿಯ ಹಾಡೇ ತಪ್ಪು ಅಂದುಕೊಳ್ಳುತ್ತದೆ. ನನಗೆ ಸಂಕಟ ಆಗೋದು ಅಲ್ಲಿ.

ಮರ್ಫಿ, ಕ್ಲಿಫರ್ಡ್ ನುಡಿಸಿದ್ದೂ ಸಿಗುತ್ತದೆ, ಡೊಹರ್ಟಿಯವರದೂ ಸಿಗುತ್ತದೆ. ಪುರುಸೊತ್ತು ಮಾಡಿಕೊಂಡು ಕೇಳಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಖಂಡಿತ ಹಾಕ್ತೀವಿ.

— ಸಂ.