ಘಟ್ಟ ಹತ್ತುವಾಗ ಗಾಡಿ ತುಂಬಿರುತ್ತದಾ, ಖಾಲಿ ಇರುತ್ತದಾ?

ಗಾಡಿ ಮಾತು: ಓದುಗರ ಪ್ರಶ್ನೆ, ಹುಬ್ಬಳ್ಳಿಯಿಂದ ಉತ್ತರ

ಪ್ರಶ್ನೆ: ಅಣ್ಣಾರಿಗೆ ನಮಸ್ಕಾರ. ನಾನು, ನನ್ನ ತಮ್ಮ ಸೇರಿ ಟಾಟಾ ಇಂಟ್ರಾ ಪಿಕಪ್ ತಗೋಬೇಕು ಅಂತಿದ್ದೇವೆ. ಸಣ್ಣ ಎಂಜಿನ್ನಿನ ವಿ10 ಸಾಕು ಅಂತ ನಾನು, ದೊಡ್ಡ ಎಂಜಿನ್ನಿನ ವಿ30 ಬೇಕು ಅಂತ ಅವನು. ಸುಗ್ಗಿಯಲ್ಲಿ ಊರವರ ಒಣ ಮೆಣಸಿನಕಾಯಿಯನ್ನು ಬ್ಯಾಡಗಿ ಪೇಟೆಗೆ ಸಾಗಿಸುತ್ತೇವೆ. ಉಳಿದ ಏಳು ತಿಂಗಳು ವಾರಕ್ಕೆ ಎರಡು ಸಲ ತರಕಾರಿ ಹೇರಿಕೊಂಡು ಹಾವೇರಿ, ಶಿರಸಿ ಮೇಲೆ ಕುಮಟಾಕ್ಕೆ ಹೋಗುವ ವಿಚಾರ ಇದೆ. ಬರುವಾಗ ಕುಮಟಾ ಹತ್ತಿರದ ಸಾಣಿಕಟ್ಟಾ ಉಪ್ಪಿನ ಬಾಡಿಗೆ ಸಿಗುತ್ತದೆ ಅಂತ ಪರಿಚಯದವರು ಹೇಳಿದ್ದಾರೆ. ಎರಡು ಗಾಡಿಗೂ 1 ಲಕ್ಷ 20 ಸಾವಿರ ರೂಪಾಯಿ ವ್ಯತ್ಯಾಸ ಬರುತ್ತದೆ. ಓಡಿಸುವವರನ್ನು ಕೇಳಿದರೆ ಸಣ್ಣದು ಲೀಟರಿಗೆ 18, ದೊಡ್ಡದು 14 ಕೊಡುತ್ತದೆ ಅಂತಾರೆ. ಮನೆಯಲ್ಲಿ ದಿನಾ ಇದೇ ಮಾತು. ನೀವೇ ಹೇಳಿ.
– ಓದುಗರು, ಬ್ಯಾಡಗಿ ತಾಲ್ಲೂಕು

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೆಣಸಿನಕಾಯಿ ಅಂದ ಕೂಡಲೇ ಸಣ್ಣದೇ ಸಾಕು ಅಂತ ಬರೆಯಲು ಹೊರಟಿದ್ದೆ. ಮುಂದೆ ಉಪ್ಪು ಅನ್ನೋ ಮಾತು ಬಂತು. ಅಲ್ಲಿಗೆ ಪೆನ್ನು ನಿಂತಿತು.

ಒಣ ಮೆಣಸಿನಕಾಯಿ ಜಾಗ ತಿನ್ನುವ ಮಾಲು, ತೂಕ ತಿನ್ನುವ ಮಾಲಲ್ಲ. ಕ್ಯಾಬಿನ್ ಮೇಲೆ ಎದ್ದು ಕಾಣುವ ಹಾಗೆ 30 ಚೀಲ ಹೇರಿ ಹಗ್ಗ ಬಿಗಿದಿರುತ್ತೀರಿ. ನೋಡಿದವರಿಗೆ ಗಾಡಿ ಮುರಿಯುತ್ತದೇನೋ ಅನಿಸುತ್ತದೆ. ಕಾಟಾಕ್ಕೆ ಹಚ್ಚಿದರೆ ಚೀಲಕ್ಕೆ 30 ಕೆ.ಜಿ. ಹಿಡಿದರೂ 900 ಕೆ.ಜಿ. ದಾಟಲ್ಲ. ವಿ10ರ ಲೋಡ್ ಲೆಕ್ಕ ಒಂದು ಟನ್, ಅಂದರೆ ಇನ್ನೂ 100 ಕೆ.ಜಿ. ಉಳಿಯಿತು. ಊರಿನಿಂದ ಬ್ಯಾಡಗಿ ತನಕ ಅಂಥ ಏರೂ ಇಲ್ಲ. ಆ ಕೆಲಸಕ್ಕೆ ಎರಡು ಸಿಲಿಂಡರಿನ 798 ಸಿಸಿ ಎಂಜಿನ್ ಧಾರಾಳ ಆಯಿತು.

ಉಪ್ಪು ಇದಕ್ಕೆ ಪೂರ್ತಿ ಉಲ್ಟಾ. 50 ಕೆ.ಜಿ.ಯ 20 ಚೀಲವನ್ನು ಬಾಡಿಯಲ್ಲಿ ಹಾಸಿದರೆ ಒಂದು ಅಡಿ ಎತ್ತರ ದಾಟಲ್ಲ. ಗಾಡಿ ಖಾಲಿಯಿದ್ದ ಹಾಗೇ ಕಾಣುತ್ತದೆ. ಆದರೆ ಅಷ್ಟಕ್ಕೇ ಒಂದು ಟನ್ ಆಗಿಹೋಗಿರುತ್ತದೆ. ಇಷ್ಟು ಜಾಗ ಖಾಲಿ ಬಿಟ್ಟು ಹೋಗೋದಾ, ಇನ್ನೊಂದು ಐದು ಚೀಲ ಒಗೆಯಿರಿ ಅಂತ ಹೇರಿಸುವವರು ಹೇಳೇ ಹೇಳುತ್ತಾರೆ. ಆ ಐದು ಚೀಲ ಸೇರಿದರೆ ಸಣ್ಣ ಗಾಡಿಗೆ ಕಾಲು ಟನ್ ಓವರ್‌ಲೋಡ್. ಅದನ್ನು ಎಳೆದುಕೊಂಡು ನೀವು ಕುಮಟಾ, ಶಿರಸಿ ನಡುವಿನ ದೇವಿಮನೆ ಘಟ್ಟ ಹತ್ತಬೇಕು.

ಅದಕ್ಕೇ ಪಿಕಪ್ ತಗೊಳ್ಳುವವರನ್ನು ನಾನು ಮೊದಲು ಕೇಳುವುದು ಇದೊಂದೇ ಮಾತು: ಘಟ್ಟ ಹತ್ತುವಾಗ ಗಾಡಿ ತುಂಬಿರುತ್ತದಾ, ಖಾಲಿ ಇರುತ್ತದಾ? ನಮ್ಮ ಹಾವೇರಿ, ಹುಬ್ಬಳ್ಳಿ ಕಡೆಯವರು ಕರಾವಳಿಗೆ ಮಾಲು ಒಯ್ಯುವಾಗ ಇಳಿಯುತ್ತೇವೆ, ಬರುವಾಗ ಹತ್ತುತ್ತೇವೆ. ಖಾಲಿ ಬರುವವನಿಗೆ ಸಣ್ಣ ಎಂಜಿನ್ ಸಾಕಾದೀತು. ತುಂಬಿಕೊಂಡು ಬರುವವನ ಲೆಕ್ಕ ಬೇರೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಾಡಿ, ಲೋಡ್ ಸೇರಿ ಎರಡು ಟನ್ ಅಂತ ಹಿಡಿಯಿರಿ. ಅಷ್ಟು ತೂಕವನ್ನು ಸೆಕೆಂಡಿಗೆ ಒಂದು ಮೀಟರ್ ಮೇಲೆತ್ತಲು 26 ಎಚ್‌ಪಿ ಬೇಕು. ನೂರು ಅಡಿಗೆ ಹತ್ತು ಅಡಿ ಏರುವ ರಸ್ತೆಯಲ್ಲಿ ಗಂಟೆಗೆ 36 ಕಿ.ಮೀ. ಹೋಗುವುದು ಅಂದರೆ ಇಷ್ಟೇ ಎತ್ತಿದ ಹಾಗೆ. ಟೈರ್ ಉರುಳಲು, ಗಿಯರ್ ತಿರುಗಲು ಹೋಗುವ ಶಕ್ತಿ ಬೇರೆ. ವಿ10ರ ಎಂಜಿನ್ ಸುಮಾರು 45 ಎಚ್‌ಪಿಯದು. ಅದೂ ಪೂರ್ತಿ ಜೋರಾಗಿ ತಿರುಗಿದಾಗ ಮಾತ್ರ. ಹತ್ತಲ್ಲ ಅಂತಲ್ಲ, ಖಂಡಿತ ಹತ್ತುತ್ತದೆ. ಆದರೆ ತಿರುವಿಗೆ ತಿರುವಿಗೆ ಸೆಕೆಂಡ್ ಗಿಯರ್, ಕಾಲು ಪೂರ್ತಿ ಆಕ್ಸಿಲೇಟರ್ ಮೇಲೆ. ವಿ30ಯದು 1,496 ಸಿಸಿ, ನಾಲ್ಕು ಸಿಲಿಂಡರ್, 70 ಎಚ್‌ಪಿ. ಅದೇ ಏರಿನಲ್ಲಿ ಅದರ ಕೈಯಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ.

ಉಳಿದಿರುವ ಶಕ್ತಿಯ ಬೆಲೆ ನನಗೆ ಗೊತ್ತಾಗಿದ್ದು ಅರಬೈಲ್ ಘಟ್ಟದಲ್ಲಿ. ಅಂಕೋಲಾ ಕಡೆಯಿಂದ ಹುಬ್ಬಳ್ಳಿಗೆ ಬರುತ್ತಿದ್ದೆವು, ನಾನು ಮತ್ತು ನನ್ನ ತಮ್ಮ. ಸಣ್ಣ ಎಂಜಿನ್ನಿನ ಗಾಡಿ. ಅದು ತಡೆಯುವ ತೂಕಕ್ಕಿಂತ ಜಾಸ್ತಿ ಹೇರಿದ್ದೆ. ತಪ್ಪು ನನ್ನದೇ, ಗಾಡಿಯದಲ್ಲ. ಓಡುತ್ತಿರುವ ತನಕ ಹೇಗೋ ಬಂತು. ಒಂದು ತಿರುವಿನಲ್ಲಿ ಮುಂದಿನ ಟ್ಯಾಂಕರ್ ನಿಂತುಬಿಟ್ಟಿತು. ನಾನೂ ನಿಲ್ಲಿಸಿದೆ. ಅದು ಹೊರಟ ಮೇಲೆ ಹ್ಯಾಂಡ್ ಬ್ರೇಕ್ ಬಿಟ್ಟು ಕ್ಲಚ್ ಎತ್ತಿದರೆ ಎಂಜಿನ್ ಆಫ್. ಮತ್ತೆ ಚಾಲೂ ಮಾಡಿದೆ, ಮತ್ತೆ ಆಫ್. ಮೂರನೇ ಸಲ ಆಕ್ಸಿಲೇಟರ್ ಒತ್ತಿ ಅರ್ಧ ಕ್ಲಚ್ಚಿನಲ್ಲಿ ಹಿಡಿದೆ. ಗಾಡಿ ನಡುಗಿತು, ಮುಂದೆ ಹೋಗಲಿಲ್ಲ, ಒಂದು ಮೊಳ ಹಿಂದೆ ಜಾರಿತು. ಹಿಂದೆ ಲಾರಿ ನಿಂತಿದೆ. "ಅಣ್ಣಾ, ಕಲ್ಲ ಹಚ್ಚತೀನಿ, ಹಿಡಿ ಗಟ್ಟಿ" ಅಂತ ತಮ್ಮ ಬಾಗಿಲು ತೆಗೆದು ಹಾರಿದ. ಹಿಂದಿನ ಗಾಲಿಗೆ ಕಲ್ಲು ಕೊಟ್ಟ. ಅಷ್ಟರಲ್ಲಿ ಕ್ಯಾಬಿನ್ ತುಂಬ ವಾಸನೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆಯನ್ನು ಒಮ್ಮೆ ಕುಡಿದವರು ಮರೆಯಲ್ಲ, ಮೂಗಿನಲ್ಲೇ ಕೂತಿರುತ್ತದೆ. ಹತ್ತು ಚೀಲ ರಸ್ತೆ ಬದಿಗೆ ಇಳಿಸಿದ ಮೇಲೆ ಗಾಡಿ ಎದ್ದಿತು. ಆ ಚೀಲಗಳ ಪಕ್ಕ ಕತ್ತಲಾಗುವ ತನಕ ಒಬ್ಬನೇ ಕೂತಿದ್ದವನು ನನ್ನ ತಮ್ಮ. ಇವತ್ತಿಗೂ ಆ ತಿರುವು ಬಂದರೆ ನಾನು ಮಾತು ನಿಲ್ಲಿಸುತ್ತೇನೆ.

ಹತ್ತುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇಳಿಯುವುದರ ಬಗ್ಗೆ ಯಾರೂ ಕೇಳಲ್ಲ. ನೀವು ಕುಮಟಾಕ್ಕೆ ಹೋಗುವಾಗ ತರಕಾರಿ ತುಂಬಿಕೊಂಡೇ ಇಳಿಯುತ್ತೀರಿ, ಅಲ್ವಾ? ಆಗ ಗಾಡಿಯನ್ನು ಹಿಡಿಯಬೇಕಾದದ್ದು ಬರೀ ಬ್ರೇಕ್ ಅಲ್ಲ, ಗಿಯರಿನಲ್ಲಿರುವ ಎಂಜಿನ್. ದೊಡ್ಡ ಎಂಜಿನ್ ಗಾಡಿಯನ್ನು ಹಿಂದಕ್ಕೆ ಹೆಚ್ಚು ಗಟ್ಟಿಯಾಗಿ ಜಗ್ಗಿ ಹಿಡಿಯುತ್ತದೆ. ಸಣ್ಣದಾದರೆ ಇನ್ನೂ ಒಂದು ಗಿಯರ್ ಕೆಳಗೆ ಇಳಿಸಬೇಕು. ಟಾಪ್ ಗಿಯರಿನಲ್ಲಿ ಬಿಟ್ಟು ಬ್ರೇಕ್ ಒತ್ತುತ್ತಲೇ ಇಳಿದರೆ ಬ್ರೇಕ್ ಲೈನರ್ ಕಾದು, ಕೊನೆಯ ತಿರುವಿನಲ್ಲಿ ಪೆಡಲ್ ಒತ್ತಿದರೂ ಗಾಡಿ ನಿಲ್ಲಲ್ಲ. ಯಾವ ಗಾಡಿಯನ್ನೇ ತಗೊಳ್ಳಿ, ಹತ್ತುವ ಗಿಯರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಚಟ ಬೇಡವೇ ಬೇಡ. ತಮ್ಮನಿಗೂ ಇದನ್ನು ಓದಿ ಹೇಳಿ.

ಇನ್ನು ದುಡ್ಡು. ಬ್ಯಾಡಗಿಯಿಂದ ಕುಮಟಾಕ್ಕೆ ಹೋಗಿ ಬರಲು 300 ಕಿ.ಮೀ. ಅಂತ ಇಟ್ಟುಕೊಂಡರೆ, ತಿಂಗಳಿಗೆ ಎಂಟು ಟ್ರಿಪ್ಪಿಗೆ 2,400 ಕಿ.ಮೀ. ನೀವು ಹೇಳಿದ ಮೈಲೇಜಿನಲ್ಲಿ ಸಣ್ಣದಕ್ಕೆ 133 ಲೀಟರ್, ದೊಡ್ಡದಕ್ಕೆ 171 ಲೀಟರ್. ಡೀಸೆಲ್ 90 ರೂಪಾಯಿ ಹಿಡಿದರೆ ತಿಂಗಳಿಗೆ 3,400 ರೂಪಾಯಿ ವ್ಯತ್ಯಾಸ. 1 ಲಕ್ಷ 20 ಸಾವಿರದ ಹೆಚ್ಚಿನ ಸಾಲಕ್ಕೆ ನಾಲ್ಕು ವರ್ಷದ ಕಂತು ಸುಮಾರು 3,000. ಎರಡೂ ಸೇರಿ 6,400. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ 18 ಮತ್ತು 14 ಅನ್ನೋದು ಬಯಲು ರಸ್ತೆಯ ಮಾತು. ಅಷ್ಟೇ ತೂಕವನ್ನು ಘಟ್ಟದ ಮೇಲಕ್ಕೆ ಎತ್ತಲು ಎರಡೂ ಎಂಜಿನ್ ಹೆಚ್ಚು ಕಡಿಮೆ ಅಷ್ಟೇ ಡೀಸೆಲ್ ಕುಡಿಯುತ್ತವೆ. ಹಾಗಾಗಿ ನಿಜವಾದ ವ್ಯತ್ಯಾಸ 3,400ಕ್ಕಿಂತ ಕಡಿಮೆಯೇ ಬರುತ್ತದೆ. ಇನ್ನೊಂದು ಕಡೆ ವಿ30ಯಲ್ಲಿ 1,300 ಕೆ.ಜಿ. ಹಾಕಬಹುದು. ಟ್ರಿಪ್ಪಿಗೆ ಆರು ಚೀಲ ಉಪ್ಪು ಜಾಸ್ತಿ, ತಿಂಗಳಿಗೆ 48 ಚೀಲ. ಚೀಲಕ್ಕೆ ಎಷ್ಟು ಬಾಡಿಗೆ ಅಂತ ನಿಮಗೇ ಗೊತ್ತಿರುತ್ತದೆ, ಗುಣಿಸಿ ನೋಡಿ.

ನನ್ನ ಮಾತು ಇಷ್ಟು. ಉಪ್ಪಿನ ಬಾಡಿಗೆ ಖಾತ್ರಿ ಇದ್ದರೆ ತಮ್ಮ ಹೇಳಿದ ದೊಡ್ಡ ಎಂಜಿನ್ನೇ ತಗೊಳ್ಳಿ. "ಸಿಗುತ್ತದೆ ಅಂತ ಹೇಳಿದ್ದಾರೆ" ಅನ್ನೋದು ಖಾತ್ರಿ ಅಲ್ಲ. ಮುಂಗಡ ಕಟ್ಟುವ ಮೊದಲು ಒಂದು ಬಾಡಿಗೆ ಗಾಡಿ ಮಾಡಿಕೊಂಡು ಎರಡು ಟ್ರಿಪ್ ಹೋಗಿ ಬನ್ನಿ. ಹೋಗುವಾಗ ತರಕಾರಿ ತೂಕ, ಬರುವಾಗ ಉಪ್ಪಿನ ತೂಕ, ಎರಡನ್ನೂ ಕಾಟಾದಲ್ಲಿ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಖಾಲಿ ಬರುವುದೇ ಆದರೆ ವಿ10 ಸಾಕು, ನೀವು ಗೆದ್ದಿರಿ.

ಪ್ರಶ್ನೆ: ನಾವು ಗದಗದಿಂದ ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ ಒಯ್ಯುತ್ತೇವೆ. ದೊಡ್ಡ ಎಂಜಿನ್ನಿನ ಪಿಕಪ್ ತಗೊಂಡರೆ ಲೈಸೆನ್ಸ್ ಬೇರೆ ಬೇಕು, ಇನ್ಶೂರೆನ್ಸ್ ಜಾಸ್ತಿ ಅಂತ ಹೇಳುತ್ತಾರೆ. ನಿಜವಾ ಸರ್?
– ಓದುಗರು, ಗದಗ

ಉತ್ತರ: ಇಲ್ಲ. ಕಾರಿನ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸಿಸಿ ಮೇಲೆ ಹೋಗುತ್ತದೆ, ಅದನ್ನು ಕೇಳಿದವರು ಹೀಗೆ ಹೇಳಿರಬೇಕು. ಸರಕು ಗಾಡಿಗೆ ನೋಡುವುದು ಗಾಡಿ, ಲೋಡ್ ಸೇರಿದ ಒಟ್ಟು ತೂಕ. 7,500 ಕೆ.ಜಿ. ತನಕ ಎಲ್ಲಕ್ಕೂ ಥರ್ಡ್ ಪಾರ್ಟಿ ದರ ಒಂದೇ. ನಿಮ್ಮ ಪಿಕಪ್ ಅದರ ಅರ್ಧವನ್ನೂ ಮುಟ್ಟಲ್ಲ. ಒಟ್ಟು ತೂಕ 3,000 ಕೆ.ಜಿ. ಒಳಗಿದ್ದರೆ ಪರ್ಮಿಟ್ಟೂ ಬೇಡ. ಲೈಸೆನ್ಸ್ ಚಿಂತೆಯನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಕಳೆದಿದೆ. ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸಬಹುದು. ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಗದಗ, ಅಣ್ಣಿಗೇರಿ, ಹುಬ್ಬಳ್ಳಿ ರಸ್ತೆ ಎರೆ ಬಯಲು. ಎಂಜಿನ್ನಿಗೆ ಕಷ್ಟ ಕೊಡುವ ಏರಿಲ್ಲ. ನೀವು ನೋಡಬೇಕಾದದ್ದು ಚೀಲದ ಲೆಕ್ಕ. ಮಳೆಯಲ್ಲಿ ಕಿತ್ತ ಹಸಿ ಉಳ್ಳಾಗಡ್ಡಿ ಒಣಗಿದ್ದಕ್ಕಿಂತ ತೂಕ ಜಾಸ್ತಿ. ಚೀಲ ಎಣಿಸಿ ಹೇರಬೇಡಿ, ತೂಗಿ ಹೇರಿ. 2019ರಲ್ಲಿ ತಿದ್ದಿದ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಜಾಸ್ತಿ ಇರುವ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಚೀಲವನ್ನು ಅಲ್ಲೇ ಇಳಿಸಲೂ ಬೇಕು.

ಪ್ರಶ್ನೆ: ಧಾರವಾಡದಲ್ಲಿ ನಮ್ಮದು ಸಣ್ಣ ಬೇಕರಿ. ಸಪ್ತಾಪುರ, ವಿದ್ಯಾಗಿರಿ, ಕೆಲಗೇರಿ ಕಡೆ ಅಂಗಡಿಗಳಿಗೆ ಬ್ರೆಡ್, ಟೋಸ್ಟ್ ಕೊಡಬೇಕು. ದಿನಕ್ಕೆ 30 ಕಿ.ಮೀ. ಆಗಬಹುದು. ಸಣ್ಣ ಡೀಸೆಲ್ ಗಾಡಿ ಒಳ್ಳೆಯದಾ?
– ಓದುಗರು, ಧಾರವಾಡ

ಉತ್ತರ: ಅಕ್ಕಾರ, ಸಣ್ಣದು ಸರಿ, ಡೀಸೆಲ್ ಬೇಡ. ಬ್ರೆಡ್ಡಿಗೆ ತೂಕವೇ ಇಲ್ಲ. ಟಾಟಾ ಏಸ್ ಗೋಲ್ಡ್ ಪೆಟ್ರೋಲಿನಂಥ 694 ಸಿಸಿಯ 30 ಎಚ್‌ಪಿ ಗಾಡಿ ಧಾರವಾಡದ ಏರಿಳಿತಕ್ಕೆ ಸಾಕಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಆ ಮಸಿ ಸುಟ್ಟುಹೋಗಲು ಗಾಡಿ ಚೆನ್ನಾಗಿ ಕಾಯುವಷ್ಟು ದೂರ ಓಡಬೇಕು. ನಿಮ್ಮದು ಅಂಗಡಿಯಿಂದ ಅಂಗಡಿಗೆ ನಿಲ್ಲುವ ಗಾಡಿ. ಎಂಜಿನ್ ಕಾಯುವ ಮೊದಲೇ ಆಫ್ ಮಾಡುತ್ತೀರಿ. ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತುತ್ತದೆ, ನೀವು ಸುಮ್ನೆ ಗ್ಯಾರೇಜ್ ತಿರುಗಬೇಕಾಗುತ್ತದೆ. ಡೀಸೆಲ್ ಗಾಡಿಗೆ ಹೆಚ್ಚು ಕೊಡುವ ದುಡ್ಡಿನಲ್ಲಿ ಹಿಂದೆ ಮುಚ್ಚಿದ ಬಾಡಿ ಕಟ್ಟಿಸಿ. ಮಳೆಗಾಲದಲ್ಲಿ ಟೋಸ್ಟ್ ಮೆತ್ತಗಾಗುವುದು ತಪ್ಪುತ್ತದೆ.