ಉತಾರದಲ್ಲಿ ಇನ್ನೂ ಅಪ್ಪನ ಹೆಸರು

ಓದುಗರ ಪತ್ರ:
"ಸಂಪಾದಕರಿಗೆ ನಮಸ್ಕಾರ. ನಮ್ಮೂರು ಇಂಡಿ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ. 2025ರ ಸೆಪ್ಟೆಂಬರ್‌ನಲ್ಲಿ ತಮ್ಮನ ನಾಲ್ಕು ಎಕರೆ ತೊಗರಿ ಹೊಳೆಯ ನೀರು ನಿಂತು ಹಾಳಾಯಿತು. ಪರಿಹಾರಕ್ಕಾಗಿ ಅವನು ಇನ್ನೂ ಅಲೆಯುತ್ತಿದ್ದಾನೆ. ಹೊಲದ ಉತಾರ (ಪಹಣಿ) ತೀರಿಹೋದ ಅಪ್ಪನ ಹೆಸರಲ್ಲೇ ಇದೆ, ಹೆಸರು ಬದಲಿಸಲು ನೀನೂ ಬಂದು ಸಹಿ ಹಾಕು ಅನ್ನುತ್ತಾನೆ. ನಾನು ಹತ್ತು ಸಾವಿರ ಕಳಿಸಿ, ಸರ್ಕಾರದ ಮುಂದೆ ಕೈ ಚಾಚಬೇಡ ಅಂದೆ. ಸುಳ್ಳು ಅರ್ಜಿ ಹಾಕಿದವರಿಗೆ ದುಡ್ಡು, ನಿಜವಾದ ರೈತನಿಗೆ ಓಡಾಟ. ಇಂಥ ಪರಿಹಾರ ಯಾಕೆ ಬೇಕು? ಭೋಸರಿಯ ಕಾರ್ಖಾನೆಯಲ್ಲಿ 31 ವರ್ಷ ದುಡಿದವನು ನಾನು. ಯಾರ ಮುಂದೂ ಕೈ ಚಾಚಿಲ್ಲ."
ಒಬ್ಬ ಓದುಗ (ಹೆಸರು ಬೇಡ), ಚಿಂಚವಡ, ಪುಣೆ

ಸಂಪಾದಕರ ಉತ್ತರ:

ಹಿರಿಯರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ತಮ್ಮನ ಮೇಲಿನ ಪ್ರೀತಿ ಅದರಲ್ಲಿ ಕಾಣುತ್ತದೆ. ಕೇಳಿದ ಕೂಡಲೇ ಹತ್ತು ಸಾವಿರ ಕಳಿಸುವ ಅಣ್ಣಂದಿರು ಈಗ ಎಷ್ಟು ಜನ ಇದ್ದಾರೆ?

ಸುಳ್ಳು ಅರ್ಜಿಗಳ ಬಗ್ಗೆ ನೀವು ಬರೆದದ್ದು ನಿಜ. ಮಹಾರಾಷ್ಟ್ರದಲ್ಲಿ 2023ರ ಮುಂಗಾರಿನಿಂದ ಒಂದು ರೂಪಾಯಿಗೆ ಬೆಳೆವಿಮೆ ಶುರುವಾಯಿತು. ದೇವಸ್ಥಾನದ ಜಾಗ, ಸರ್ಕಾರಿ ಜಾಗದ ಮೇಲೂ ಅರ್ಜಿ ಬಿದ್ದವು. 2025ರಲ್ಲಿ ಆ ಯೋಜನೆಯನ್ನೇ ನಿಲ್ಲಿಸಿದರು. ಕಳ್ಳರು ಇದ್ದಾರೆ, ಒಪ್ಪಿದೆ. ಆದರೆ ನಿಮ್ಮ ತಮ್ಮನ ತೊಗರಿ ಕೊಳೆತದ್ದು ಸುಳ್ಳಲ್ಲ, ಅಲ್ವಾ?

ಆ ನೀರು ಎಲ್ಲಿಂದ ಬಂತು ಅಂತ ಒಮ್ಮೆ ನೋಡಿ. ನಿಮ್ಮ ಚಿಂಚವಡದ ಪಕ್ಕದಲ್ಲಿ ಹರಿಯುವ ಪವನಾ, ದಾಪೋಡಿಯ ಹತ್ತಿರ ಮುಳಾ ನದಿಗೆ ಸೇರುತ್ತದೆ. ಮುಳಾ-ಮುಠಾ ಹೋಗಿ ಭೀಮೆಗೆ ಬೀಳುತ್ತದೆ. ಭೀಮೆ ಉಜನಿ ಆಣೆಕಟ್ಟು ದಾಟಿ, ಮುಂದೆ ಸೀನಾ ನದಿಯನ್ನೂ ಕೂಡಿಸಿಕೊಂಡು ನಿಮ್ಮೂರಿಗೆ ಬರುತ್ತಾಳೆ. ನಿಮ್ಮ ಮನೆಯ ತಾರಸಿ ಮೇಲೆ ಬಿದ್ದ ಮಳೆಗೂ ನಿಮ್ಮ ತಮ್ಮನ ಹೊಲವೇ ದಾರಿ. ಆ ನೀರನ್ನು ಅವನು ಕರೆದಿರಲಿಲ್ಲ. ತಡೆಯುವ ಬಾಗಿಲೂ ಅವನ ಕೈಯಲ್ಲಿ ಇರಲಿಲ್ಲ.

ಇನ್ನು ಕೈ ಚಾಚುವ ಮಾತು. ಇದೊಂದು ಮಾತು ನನಗೆ ನೋವು ಮಾಡಿತು. ನೀವು ನಿವೃತ್ತರಾದಾಗ ಪಿಎಫ್ ಹಣಕ್ಕೆ ಫಾರ್ಮ್ ತುಂಬಿದಿರಿ ತಾನೇ? ಆಗ ಅದು ಭಿಕ್ಷೆ ಅನ್ನಿಸಿತೇ? ನಿಮ್ಮ ಹಕ್ಕಿಗೆ ಫಾರ್ಮ್ ಇದ್ದ ಹಾಗೆ ಅವನ ಹಕ್ಕಿಗೂ ಫಾರ್ಮ್ ಇದೆ.

ಲೆಕ್ಕವನ್ನೇ ಹಾಕೋಣ. 2025ರಲ್ಲಿದ್ದ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಒಣಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಅದೂ ಎರಡು ಹೆಕ್ಟೇರ್ ತನಕ, ಬೆಳೆ ಶೇ. 33 ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದರೆ. 2015ರ ತನಕ ಅರ್ಧ ಬೆಳೆ ಹೋಗದಿದ್ದರೆ ಏನೂ ಸಿಗುತ್ತಿರಲಿಲ್ಲ. 2025ರ ನೆರೆಗೆ ಕರ್ನಾಟಕ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ಸೇರಿಸಿತು. ನಾಲ್ಕು ಎಕರೆ ಒಣಭೂಮಿಗೆ ಹೆಚ್ಚುಕಡಿಮೆ 27 ಸಾವಿರ ಆಯಿತು. ಈಗ ಬೆಳೆಯ ಕಡೆ ನೋಡಿ. ತೊಗರಿಯ ಬೆಂಬಲ ಬೆಲೆ 2025-26ರಲ್ಲಿ ಕ್ವಿಂಟಲಿಗೆ 8,000 ಇತ್ತು. ಎಕರೆಗೆ ನಾಲ್ಕೇ ಕ್ವಿಂಟಲ್ ಹಿಡಿದರೂ 1,28,000 ರೂಪಾಯಿಯ ಮಾಲು ನೀರುಪಾಲಾಗಿದೆ. ಐದರಲ್ಲಿ ಒಂದು ಪಾಲು ವಾಪಸ್ ಕೇಳುವುದನ್ನು ನೀವು ಕೈ ಚಾಚುವುದು ಅನ್ನುತ್ತೀರಿ. ನೀವು ಕಳಿಸಿದ ಹತ್ತು ಸಾವಿರ ಅದಕ್ಕೂ ಕಡಿಮೆ. ಮುಂದಿನ ವರ್ಷವೂ ಹೊಳೆ ಬಂದರೆ ಮತ್ತೆ ಕಳಿಸುತ್ತೀರಾ?

ಕಾಗದಪತ್ರದ ಸಂಕಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ನಮ್ಮ ಅವ್ವನ ಕಬ್ಬು ಹೋಯಿತು. ಅವಳ ಜೊತೆ ನಾನೂ ಒಂದು ಕಚೇರಿಗೆ ಹೋಗಿದ್ದೆ. ಬೀಜದ ಕಂಪನಿಯ ಹಳೇ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿ, ಅದರ ಮೇಲೆ ಸೀರೆಯ ತುಂಡು ಸುತ್ತಿದ್ದಳು. ಉತಾರದಲ್ಲಿ ಅವಳ ಹೆಸರಿನ ಕೊನೆಗೆ 'ಅವ್ವ' ಅಂತ ಇದೆ, ಆಧಾರ್‌ನಲ್ಲಿ 'ಬಾಯಿ' ಅಂತ ಇದೆ. ಇಬ್ಬರೂ ಒಬ್ಬರೇ ಅನ್ನುವುದಕ್ಕೆ ಏನು ಪುರಾವೆ ಅಂತ ಕೇಳಿದರು. ಅವ್ವ ಕಿಟಕಿಯ ಸರಳು ಹಿಡಿದು, "ನಾನ ಇಲ್ಲಿ ನಿಂತೀನಲ್ಲೋ ಯಪ್ಪಾ" ಅಂದಳು. ಒಳಗಿದ್ದ ಹುಡುಗ ತಲೆ ಎತ್ತಲಿಲ್ಲ. ಅಫಿಡವಿಟ್ ಮಾಡಿಸಿ ತಂದೆವು. ದುಡ್ಡು ಬಂತು, ತಡವಾಗಿ ಬಂತು. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಬಿದ್ದ ದಿನ ಅವ್ವ ಅದನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದಳು. ಸರ್ಕಾರ ತನ್ನ ನಷ್ಟವನ್ನು ನಷ್ಟ ಅಂತ ಒಪ್ಪಿತಲ್ಲ ಅನ್ನುವ ಸಮಾಧಾನ ಅವಳ ಮುಖದಲ್ಲಿತ್ತು.

ನಮ್ಮ ಪುಣೆ ಜಿಲ್ಲೆಯ ಸುಪೆ ಊರಿನ ಕಥೆ ನಿಮಗೆ ಗೊತ್ತಿರಬಹುದು. 1875ರ ಮೇ ತಿಂಗಳಲ್ಲಿ ಅಲ್ಲಿನ ರೈತರು ಸಾಹುಕಾರರ ಲೆಕ್ಕದ ಬುಕ್ಕು, ಸಾಲಪತ್ರ ಹೊರಗೆ ತಂದು ಸುಟ್ಟರು. ಎಷ್ಟೋ ಕಡೆ ಜನರನ್ನು ಮುಟ್ಟಲಿಲ್ಲ, ಬರೀ ಕಾಗದ ಸುಟ್ಟರು. ತಮ್ಮ ಹೊಲವನ್ನು ಕಟ್ಟಿಹಾಕಿದ್ದು ಕಾಗದವೇ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷದ ಮೇಲೆ, 1879ರಲ್ಲಿ, ದಖನ್ನಿನ ರೈತರಿಗಾಗಿ ಕಾನೂನು ಬಂತು. ಇವತ್ತಿನ ರೈತ ಕಾಗದ ಸುಡುವ ಹಾಗಿಲ್ಲ, ಕೂಡಿಸಬೇಕು. ಉತಾರ, ಆಧಾರ್, ಬ್ಯಾಂಕ್ ಖಾತೆ ಜೋಡಿಸಿ ಎಫ್‌ಐಡಿ ನಂಬರು (ರೈತನ ಗುರುತಿನ ಸಂಖ್ಯೆ) ಮಾಡಿಸಬೇಕು. ಬೆಳೆ ಸಮೀಕ್ಷೆಯಲ್ಲಿ ತೊಗರಿ ಅಂತಲೇ ದಾಖಲಾಗಿರಬೇಕು. ಬೆಳೆವಿಮೆ ಕಟ್ಟಿದ್ದರೆ, ಹೊಲದಲ್ಲಿ ನೀರು ನಿಂತ 72 ಗಂಟೆಯೊಳಗೆ ತಿಳಿಸಬೇಕು. ಊರಿಗೆ ಊರೇ ನೀರಲ್ಲಿ, ಕರೆಂಟಿಲ್ಲ, ಮೊಬೈಲ್ ಚಾರ್ಜ್ ಇಲ್ಲ, ಆಗಲೂ 72 ಗಂಟೆ! ಈ ನಿಯಮ ಬರೆದವರು ನೆರೆಯಲ್ಲಿ ಒಂದು ರಾತ್ರಿ ಕಳೆದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ, ಉತಾರದಲ್ಲಿ ತೀರಿಹೋದವರ ಹೆಸರಿದ್ದರೆ ಎಲ್ಲ ಅಲ್ಲಿಗೇ ನಿಂತಿತು. ತೀರಿಹೋದವರಿಗೆ ಆಧಾರ್ ಜೋಡಿಸಲು ಆಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ನಿಮ್ಮ ತಮ್ಮನ ಅರ್ಜಿಗೆ ಅಡ್ಡ ನಿಂತದ್ದು ಬರೀ ಸರ್ಕಾರ ಅಲ್ಲ. ನೀವೂ ನಿಂತಿದ್ದೀರಿ. ವಾರಸಾ ಮಾಡಲು, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಬರೆಸಲು, ಎಲ್ಲ ಮಕ್ಕಳೂ ಬೇಕು. ಹೊಲದಲ್ಲಿ ಇರುವವನು ಒಬ್ಬ, ಸಹಿ ಹಾಕಬೇಕಾದವರು ಪುಣೆ, ಮುಂಬಯಿ, ಗೋವಾದಲ್ಲಿ. ಒಬ್ಬರಿಗೆ ರಜೆ ಇಲ್ಲ, ಇನ್ನೊಬ್ಬರಿಗೆ ಪಾಲಿನ ಅನುಮಾನ. ಹೀಗೆ ನಿಂತ ಹೊಲಗಳು ನನಗೇ ಎಷ್ಟೋ ಗೊತ್ತು.

ನಮ್ಮ ಕನ್ನಡ ಸಂಘಗಳಿಗೂ ಇದೇ ಮಾತು. ನವೆಂಬರ್ ಬಂದರೆ ವೇದಿಕೆ, ಡೊಳ್ಳು, ಶಾಲು, ಹಾರ. ಬೇಕು, ನಾನೂ ಹೋಗುತ್ತೇನೆ. ಆದರೆ ಒಂದು ಭಾನುವಾರ ಒಂದು ಮೇಜು ಹಾಕಿ, ಊರಿನ ಉತಾರ ನೋಡಲು ಬಾರದವರಿಗೆ ಮೊಬೈಲಿನಲ್ಲಿ ತೆಗೆದು ತೋರಿಸಿದ ಸಂಘ ನಾನು ಒಂದೂ ನೋಡಿಲ್ಲ. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಕುಟುಂಬಗಳಿಗೆ ಊರಲ್ಲಿ ಒಂದೆರಡು ಎಕರೆ ಇದೆ. ನಷ್ಟದ ಪಂಚನಾಮೆಗೆ ತಲಾಟಿ (ಊರಿನ ಕಂದಾಯ ಅಧಿಕಾರಿ) ಹೊಲಕ್ಕೆ ಬಂದ ದಿನ ಅವರು ಇಲ್ಲಿ ಸಿಮೆಂಟ್ ಹೊರುತ್ತಿರುತ್ತಾರೆ. ಲಾವಣಿಗೆ (ಗೇಣಿಗೆ) ಮಾಡುವವರ ಪಾಡು ಇನ್ನೂ ಕಷ್ಟ. ಬಿತ್ತಿದವರು ಅವರು, ಉತಾರದಲ್ಲಿ ಹೆಸರು ಮಾಲೀಕರದ್ದು, ಪರಿಹಾರವೂ ಮಾಲೀಕರಿಗೇ. ಅವರ ಪರವಾಗಿ ಪತ್ರ ಬರೆಯುವವರೂ ಇಲ್ಲ.

ಹಿರಿಯರೇ, ಹೋಗಿಬನ್ನಿ. ಸೋಲಾಪುರದ ತನಕ ರೈಲು, ಅಲ್ಲಿಂದ ಇಂಡಿಗೆ ಬಸ್ಸು. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಜೊತೆಗಿರಲಿ. ಅಕ್ಕತಂಗಿಯರಿದ್ದರೆ ಅವರನ್ನೂ ಕರೆಯಿರಿ, ಅವರ ಹಕ್ಕೂ ಅಷ್ಟೇ ಇದೆ. ಕರ್ನಾಟಕದಲ್ಲಿ 2025ರಲ್ಲಿ ಇ-ಪೌತಿ ಆಂದೋಲನ ಶುರುವಾಗಿದೆ. ತೀರಿದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದೇ ಅದರ ಕೆಲಸ. ಈ ನೆರೆಯ ದುಡ್ಡು ಸಿಕ್ಕೀತೋ ಇಲ್ಲವೋ ಹೋಗಿ ಕೇಳಿ. ಮುಂದಿನ ಮುಂಗಾರಿಗೆ ಮೊದಲು ಹೆಸರಂತೂ ಬದಲಾಗಲಿ. ಹೊಸ ಉತಾರ ಕೈಗೆ ಬಂದ ದಿನ ನನಗೆ ಇನ್ನೊಂದು ಪತ್ರ ಬರೆಯಿರಿ. ಆಗ ನಿಮ್ಮ ಹೆಸರು ಹಾಕಿಯೇ ಪ್ರಕಟಿಸುತ್ತೇನೆ.